ಕೈಗಾರಿಕಾ ನಿಯಂತ್ರಣ ತಂತ್ರಾಂಶದಲ್ಲಿ ‘ವರ್ಗ’: ಒಂದು ಚಾರಿತ್ರಿಕ ಅವಲೋಕನ

ಜನಪದ ಕಥೆಗಳ ಅಧ್ಯಯನದಲ್ಲಿ ‘ವರ್ಗ’ ಎಂಬ ಪರಿಭಾಷೆಗೆ ಶತಮಾನಕ್ಕೂ ಮಿಕ್ಕ ಇತಿಹಾಸವಿದೆ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಪ್ರಕಟಿಸಿದ ಕಥಾವರ್ಗ ಸೂಚಿಯನ್ನು ಅಮೆರಿಕದ ಸ್ಟಿತ್ ಥಾಮ್ಸನ್ 1928ರಲ್ಲಿ ವಿಸ್ತರಿಸಿದರು. ಕಾರ್ಖಾನೆಗಳ ನಿಯಂತ್ರಣ ತಂತ್ರಾಂಶದಲ್ಲಿಯೂ ‘ವರ್ಗ’ವೇ ಕೇಂದ್ರ ಪರಿಕಲ್ಪನೆಯಾಗಿದೆ. ಇವೆರಡಕ್ಕೂ ನೇರ ಸಂಬಂಧವಿಲ್ಲ. ಆದರೆ ಒಂದು ವರ್ಗಕ್ಕೂ ಅದರ ಹಲವು ರೂಪಗಳಿಗೂ ಇರುವ ನಂಟು ಎಂತಹುದೆಂಬ ಪ್ರಶ್ನೆ ಎರಡು ಕಡೆಯೂ ಎದುರಾಗುತ್ತದೆ.

ದೊಡ್ಡ ಕಾರ್ಖಾನೆಯೊಂದರಲ್ಲಿ ನೂರಾರು ಮೋಟರುಗಳಿರುತ್ತವೆ. ಚಾಲನೆ, ನಿಲುಗಡೆ, ‘ಓಡುತ್ತಿದೆ’ ಎಂಬ ಸೂಚನೆ, ಹೊರೆ ಮೀರಿದಾಗ ಕಡಿತ ಇವು ಪ್ರತಿಯೊಂದಕ್ಕೂ ಬೇಕು. ಇವನ್ನು ಮೋಟರಿಗೊಮ್ಮೆ ಹೊಸದಾಗಿ ಬರೆಯದೆ, ‘ಮೋಟರು’ ಎಂಬ ವರ್ಗವನ್ನು ಒಮ್ಮೆ ರಚಿಸಿ, ಅದರಿಂದ ಪ್ರತ್ಯೇಕ ಹೆಸರು, ಮಿತಿ ಮತ್ತು ಸ್ಮೃತಿಯುಳ್ಳ ವ್ಯಕ್ತಿರೂಪಗಳನ್ನು ಪಡೆಯಲಾಗುತ್ತದೆ. ವರ್ಗದಲ್ಲಿ ತಿದ್ದಿದ ದೋಷ ಎಲ್ಲ ರೂಪಗಳಲ್ಲಿಯೂ ತಿದ್ದಲ್ಪಡುತ್ತದೆ. ವರ್ಗದಲ್ಲಿ ಉಳಿದ ದೋಷವೂ ಎಲ್ಲೆಡೆ ಉಳಿಯುತ್ತದೆ.

ಇದರ ಹಿಂದೆ ಕಸುಬುದಾರರ ಪರಂಪರೆಯೊಂದಿದೆ. ಜನರಲ್ ಮೋಟಾರ್ಸ್ ಸಂಸ್ಥೆ 1968ರಲ್ಲಿ ರಿಲೇ ಫಲಕಗಳಿಗೆ ಬದಲಿಯನ್ನು ಬಯಸಿತು. ರಿಚರ್ಡ್ ಮೋರ್ಲೆ ಮತ್ತು ಸಂಗಡಿಗರು ರೂಪಿಸಿದ ಮಾಡಿಕಾನ್ 084 ಯಂತ್ರ 1969ರಲ್ಲಿ ಬಂದಿತು. ಎಲೆಕ್ಟ್ರಿಷಿಯನ್ನರು ಬಹುಕಾಲದಿಂದ ಬಿಡಿಸುತ್ತಿದ್ದ ಏಣಿಯಾಕಾರದ ನಕ್ಷೆಯೇ ಅಂತಹ ಯಂತ್ರಗಳ ಭಾಷೆಯಾಯಿತು. 1993ರಲ್ಲಿ ಅಂತರರಾಷ್ಟ್ರೀಯ ವಿದ್ಯುತ್‌ತಾಂತ್ರಿಕ ಆಯೋಗ ಪ್ರಕಟಿಸಿದ 1131-3 ಮಾನಕವು ಏಣಿನಕ್ಷೆಯನ್ನೂ ಒಳಗೊಂಡು, ‘ಫಂಕ್ಷನ್ ಬ್ಲಾಕ್’ ಎಂಬ ಘಟಕದಲ್ಲಿ ವರ್ಗ ಹಾಗೂ ವ್ಯಕ್ತಿರೂಪಗಳ ಭೇದವನ್ನು ಸ್ಪಷ್ಟಪಡಿಸಿತು.

ವರ್ಗದ ಮೂಲಕಲ್ಪನೆ ಇದಕ್ಕಿಂತ ಹಳೆಯದು. ಆಸ್ಲೋದ ನಾರ್ವೇಜಿಯನ್ ಕಂಪ್ಯೂಟಿಂಗ್ ಸೆಂಟರಿನಲ್ಲಿ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗಾರ್ಡ್ ರೂಪಿಸಿದ ‘ಸಿಮ್ಯುಲಾ 67’ ಭಾಷೆಯಲ್ಲಿ ಅದು ನೆಲೆಗೊಂಡಿತ್ತು. ತಂತ್ರಜ್ಞಾನದ ಚರಿತ್ರೆಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಆದರೆ ಅದೇ ನ್ಯೂಗಾರ್ಡ್ 1970ರ ದಶಕದ ಆರಂಭದಲ್ಲಿ ನಾರ್ವೆಯ ಕಬ್ಬಿಣ ಮತ್ತು ಲೋಹ ಕಾರ್ಮಿಕರ ಸಂಘದೊಡನೆ ದುಡಿದು, ಕಾರ್ಖಾನೆಗೆ ಬರುವ ಗಣಕವ್ಯವಸ್ಥೆಯ ಬಗ್ಗೆ ಕಾರ್ಮಿಕರೇ ಅರಿತು ಮಾತನಾಡುವಂತಾಗಲು ಶ್ರಮಿಸಿದರು. 1975ರಲ್ಲಿ ಅಲ್ಲಿನ ಕಾರ್ಮಿಕ ಮಹಾಸಂಘ ಹಾಗೂ ಮಾಲೀಕರ ಒಕ್ಕೂಟದ ನಡುವೆ ಈ ಕುರಿತು ರಾಷ್ಟ್ರಮಟ್ಟದ ಒಪ್ಪಂದವೇ ಆಯಿತು. ವರ್ಗವನ್ನು ಕಟ್ಟಿದವರಲ್ಲೊಬ್ಬರು ಅದರ ಕೆಳಗೆ ದುಡಿಯುವವರ ಅರಿವನ್ನೂ ಮುಖ್ಯವೆಂದು ಬಗೆದದ್ದು ಗಮನಾರ್ಹ.

ಪ್ರಸ್ತುತ ವಿಷಯದ ತಿರುಳು ಇಲ್ಲಿಯೇ ಇದೆ. ಕಥಾವರ್ಗವನ್ನು ವಿದ್ವಾಂಸರು ಸಂಗ್ರಹಿತ ಪಾಠಗಳಿಂದ ಆಮೇಲೆ ಹೊರತೆಗೆಯುತ್ತಾರೆ. ಸೂಚಿ ಇರಲಿ ಬಿಡಲಿ, ಕಥೆ ಹೇಳುವ ಅಜ್ಜಿ ತನ್ನಂತೆಯೇ ಹೇಳುತ್ತಾಳೆ. ತಂತ್ರಾಂಶದ ವರ್ಗವಾದರೋ ತನ್ನ ರೂಪಗಳನ್ನು ಆಳುತ್ತದೆ. ಯಾವುದೋ ಒಂದು ಪಂಪು ಚಳಿಗಾಲದಲ್ಲಿ ನಿಧಾನವಾಗಿ ಹೊರಡುತ್ತದೆಂಬುದು ಅಲ್ಲಿನ ಆಪರೇಟರಿಗೆ ಗೊತ್ತು, ವರ್ಗಕ್ಕೆ ಗೊತ್ತಿಲ್ಲ. ಅದಕ್ಕೆಂದು ವರ್ಗದ ಪ್ರತಿಯೊಂದನ್ನು ಮಾಡಿ ತಿದ್ದಿದರೆ, ಆ ಪ್ರತಿ ಮೂಲದ ಮುಂದಿನ ಪರಿಷ್ಕರಣೆಗಳಿಂದ ಹೊರಗುಳಿಯುತ್ತದೆ. ಮಾನಕದ 2013ರ ಆವೃತ್ತಿ ಆನುವಂಶಿಕತೆಯನ್ನು ಸೇರಿಸಿದ ಮೇಲೆ, ಮೂಲದೊಡನೆ ಕೊಂಡಿ ಕಳಚದೆಯೇ ಭಿನ್ನರೂಪವನ್ನು ರಚಿಸುವುದು ಸಾಧ್ಯವಾಯಿತು. ಆ ಭಿನ್ನತೆ ಏಕೆ ಬೇಕಾಯಿತೆಂಬುದನ್ನು ಮಾತ್ರ, ಬರೆದಾತ ಟಿಪ್ಪಣಿಯ ಸಾಲೊಂದನ್ನು ಸೇರಿಸದಿದ್ದರೆ, ಆ ಆಪರೇಟರನ್ನೇ ಕೇಳಬೇಕು.