ತೋನ್ಸೆಪಾರಿನ ಕಂಬಗಳು

ನನ್ನ ಬಳಿ ಓದಿ ಈಗ ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಶಿಷ್ಯನೊಬ್ಬ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ತೆಗೆಸಿಕೊಂಡ ಭಾವಚಿತ್ರಗಳನ್ನು ಕಳುಹಿಸಿದ್ದಾನೆ. ಬೆನ್ನಿಗೆ ದೊಡ್ಡ ಚೀಲ, ಹಿಂಬದಿಯಲ್ಲಿ ಕಪ್ಪು ಕಲ್ಲುಕಂಬಗಳ ಸಾಲು. ಜೊತೆಗೊಂದು ಪ್ರಶ್ನೆ: "ಸರ್, ವಾಸ್ಕೋ ಡ ಗಾಮ ಭಾರತದಲ್ಲಿ ಮೊದಲು ಕಾಲಿಟ್ಟಿದ್ದು ಕಲ್ಲಿಕೋಟೆಯಲ್ಲಲ್ಲ, ಇಲ್ಲಿಯೇ ಅಂತೆ. ನಮ್ಮ ಪಠ್ಯಪುಸ್ತಕ ತಪ್ಪೇ?"

ಪಠ್ಯಪುಸ್ತಕ ತಪ್ಪಲ್ಲ. ಆದರೆ ಈ ಪ್ರಶ್ನೆಯನ್ನು ಒಂದು ಸಾಲಿನಲ್ಲಿ ಮುಗಿಸಲು ಮನಸ್ಸು ಬರಲಿಲ್ಲ. ಆದ್ದರಿಂದ ಈ ಬರಹ.

ಮೊದಲು ಕಲ್ಲಿನ ಮಾತು. ಮಲ್ಪೆ ಬಂದರಿನಿಂದ ದೋಣಿಯಲ್ಲಿ ಸುಮಾರು ಅರ್ಧ ಗಂಟೆ ಸಾಗಿದರೆ ಸಿಗುವ ಈ ಪುಟ್ಟ ದ್ವೀಪಗಳು ಜ್ವಾಲಾಮುಖಿಯ ಸೃಷ್ಟಿ. ಕುದಿಯುವ ಶಿಲಾರಸವು ಹರಿದುಬಂದು ನಿಧಾನವಾಗಿ ತಣಿದಾಗ ಕುಗ್ಗುತ್ತದೆ, ಕುಗ್ಗಿದಾಗ ಬಿರಿಯುತ್ತದೆ. ನಮ್ಮ ಎರೆಹೊಲಗಳು ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ನೀವೆಲ್ಲ ಕಂಡಿದ್ದೀರಿ. ಅಲ್ಲಿಯೂ ಬಿರುಕುಗಳು ಐದು, ಆರು ಮೂಲೆಗಳ ಆಕಾರ ತಳೆಯುತ್ತವೆ. ಕಲ್ಲಿನಲ್ಲಿ ಆ ಬಿರುಕು ಆಳಕ್ಕೆ ಇಳಿದು, ಶಿಲ್ಪಿಯೊಬ್ಬ ಕಡೆದು ನಿಲ್ಲಿಸಿದಂತಹ ಕಂಬಗಳು ಉಂಟಾಗಿವೆ. ಇದು ನಡೆದದ್ದು ಸುಮಾರು ಒಂಬತ್ತು ಕೋಟಿ ವರ್ಷಗಳ ಹಿಂದೆ, ಆಫ್ರಿಕದ ಪಕ್ಕದ ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ. ದಖ್ಖನ್ನಿನ ಕಪ್ಪುಶಿಲೆ ಹರಿದದ್ದು ಅದಕ್ಕೂ ಎರಡು ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲದ ನಂತರ. ಎರಡೂ ಒಂದೇ ಎಂದು ಭಾವಿಸುವವರು ಬಹಳ. ದ್ವೀಪದ ಕಲ್ಲನ್ನು ಎಲ್ಲರೂ ಬಸಾಲ್ಟ್ ಎಂದೇ ಕರೆಯುತ್ತಾರಾದರೂ ಅದು ಸಿಲಿಕಾ ಹೆಚ್ಚಿರುವ ಡೇಸೈಟ್, ರಯೋಲೈಟ್ ಜಾತಿಯದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದೆ.

ನಾನು ಅಲ್ಲಿಗೆ ಹೋದದ್ದು ನಿವೃತ್ತನಾದ ಮೇಲೆ. ಕೊಟ್ಟೂರೇಶ್ವರನ ತೇರಿಗೆ ಬುತ್ತಿಗಂಟು ಹೆಗಲಿಗೇರಿಸಿ ನಡೆದು ಬರುವವರ ಸೀಮೆಯವನಾದ ನನಗೆ, ಬೆನ್ನಿಗೆ ಚೀಲ ಹಾಕಿಕೊಂಡು ತಿರುಗುವುದು ಹೊಸ ಸಂಗತಿಯೇನಲ್ಲ. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಇದ್ದವು. ದೋಣಿಯಲ್ಲಿ ಪುಣೆಯ ಕಡೆಯ ನಾಲ್ವರು ಯುವಕ ಯುವತಿಯರು ಜೊತೆಯಾದರು. ರಾತ್ರಿ ದ್ವೀಪದಲ್ಲಿಯೇ ಡೇರೆ ಹಾಕಿ ಉಳಿಯುವ ಹುಮ್ಮಸ್ಸಿನಲ್ಲಿ ಬಂದವರು, ಅಲ್ಲಿ ತಂಗಲು ಅನುಮತಿ ಇಲ್ಲವೆಂದು ತಿಳಿದು ಪೆಚ್ಚಾಗಿದ್ದರು. ರೊಟ್ಟಿ ಅವರ ಮುಖವನ್ನು ಕೊಂಚ ಅರಳಿಸಿತು. ಅವರಲ್ಲೊಬ್ಬಳು, "ನಮ್ಮ ಸಹ್ಯಾದ್ರಿಯ ಕಲ್ಲಿನ ಬಣ್ಣ ಇದಲ್ಲ" ಎಂದಳು. ಪುಸ್ತಕ ಓದದೆ, ಬರಿಯ ನಡೆದಾಟದಿಂದ ಗಳಿಸಿದ ಜ್ಞಾನ ಅದು. ವಾಸ್ಕೋ ಡ ಗಾಮನ ಕಥೆಯನ್ನು ಅವರೂ ಕೇಳಿಕೊಂಡೇ ಬಂದಿದ್ದರು. ದೋಣಿಯ ಹಿರಿಯರನ್ನು ವಿಚಾರಿಸಿದಾಗ ಅವರು ಹೇಳಿದ್ದಿಷ್ಟು: "ಅದೆಲ್ಲ ನಮಗೆ ಗೊತ್ತಿಲ್ಲ ಮಾರಾಯ್ರೆ. ನಮ್ಮ ಅಜ್ಜನ ಕಾಲದಿಂದ ಇದು ತೋನ್ಸೆಪಾರ್."

ಈಗ ಗಾಮನ ಮಾತು. ಅವನ ಹಡಗುಗಳು ಕಲ್ಲಿಕೋಟೆಯ ಬಳಿ ಲಂಗರು ಹಾಕಿದ್ದು 1498ರ ಮೇ 20ರಂದು. ಮೂರು ತಿಂಗಳ ನಂತರ, ಸಾಮೂದಿರಿಯೊಡನೆ ಮನಸ್ತಾಪ ಮಾಡಿಕೊಂಡು, ಕೆಲವು ಸ್ಥಳೀಯರನ್ನು ಬಲವಂತವಾಗಿ ಹಿಡಿದುಕೊಂಡು ಅವನು ಆಗಸ್ಟ್ ಕೊನೆಯಲ್ಲಿ ಉತ್ತರಕ್ಕೆ ಹೊರಟ. ಆ ಯಾನದಲ್ಲಿದ್ದವನೊಬ್ಬ ಬರೆದಿಟ್ಟ ದಿನಚರಿ ಉಳಿದುಬಂದಿದೆ. ಅದರ ಪ್ರಕಾರ ದ್ವೀಪದಲ್ಲಿ ಕಂಬ ನೆಟ್ಟದ್ದು ಸೆಪ್ಟೆಂಬರ್ 15, ಶನಿವಾರ. ಅಂದರೆ ಬರುವಾಗ ಅಲ್ಲ, ಹಿಂದಿರುಗುವಾಗ. ಪೋರ್ಚುಗಲ್ಲಿನ ದೊರೆ ಮೂರು ಶಿಲಾಸ್ತಂಭಗಳನ್ನು ಹೆಸರಿಟ್ಟು ಕೊಟ್ಟಿದ್ದ. ಎರಡು ಆಗಲೇ ಮುಗಿದಿದ್ದವು. ಉಳಿದ ಮೂರನೆಯದು ಸಾಂತಾ ಮರಿಯಾ. ದ್ವೀಪದ ಹೆಸರು ಬಂದದ್ದು ಅದರಿಂದಲೇ.

ಆ ದಿನಚರಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೀನುಗಾರರ ಪ್ರಸಂಗ. ಮೀನು ತುಂಬಿದ ದೋಣಿಗಳು ಹಡಗಿನ ಬಳಿಗೆ ಬಂದವು. ಗಾಮ ಅವರಿಗೆ ಅಂಗಿಗಳನ್ನು ಕೊಟ್ಟ. ದ್ವೀಪದ ಮೇಲೊಂದು ಕಂಬ ನಿಲ್ಲಿಸಿದರೆ ನಿಮಗೆ ಸಂತೋಷವೇ ಎಂದು ಕೇಳಿದ. ಬಹಳ ಸಂತೋಷ, ಅದರಿಂದ ನೀವೂ ನಮ್ಮಂತೆಯೇ ಕ್ರೈಸ್ತರೆಂಬುದು ದೃಢವಾಗುತ್ತದೆ ಎಂದು ಅವರು ಉತ್ತರಿಸಿದರೆಂದು ದಿನಚರಿ ಹೇಳುತ್ತದೆ!

ಇದನ್ನು ನಂಬಬಹುದೇ? ಕಲ್ಲಿಕೋಟೆಯಲ್ಲಿ ಹಿಂದೂ ದೇವಾಲಯವನ್ನು ಇಗರ್ಜಿಯೆಂದು ತಿಳಿದು ಕೈಮುಗಿದವರು ಈ ಜನ. ತುಳುನಾಡಿನ ಮೊಗವೀರರ ಮಾತು ಅವರಿಗೆ ಎಷ್ಟು ಅರ್ಥವಾಗಿದ್ದೀತು? ಮೀನು ಮಾರಲು ಬಂದವರು ಅಂಗಿ ಸಿಕ್ಕ ಸಂತೋಷಕ್ಕೆ ತಲೆಯಾಡಿಸಿದ್ದನ್ನು ಒಪ್ಪಿಗೆಯೆಂದು ಬರೆದುಕೊಂಡರೆಂದೇ ನನ್ನ ಎಣಿಕೆ. ದಾಖಲೆಯು ದಿನಾಂಕಕ್ಕೆ ಉತ್ತಮ ಸಾಕ್ಷಿ. ಎದುರಿನವನ ಮನಸ್ಸಿಗೆ ಅಲ್ಲ.

ಒಪ್ಪಿಗೆ ಕೊಡಲು ಅವರಿಗೆ ಅಧಿಕಾರವಾದರೂ ಎಲ್ಲಿತ್ತು? ನಮ್ಮ ಕಡೆಯವರಿಗೆ ಈ ಕಥೆ ಹತ್ತಿರವಾಗುವುದು ಇಲ್ಲಿ. ಆ ಕರಾವಳಿ ಬಾರಕೂರು ರಾಜ್ಯವೆಂಬ ಹೆಸರಿನಲ್ಲಿ ವಿಜಯನಗರಕ್ಕೆ ಸೇರಿತ್ತು. 1498ರಲ್ಲಿ ಸಿಂಹಾಸನದಲ್ಲಿ ಇಮ್ಮಡಿ ನರಸಿಂಹನಿದ್ದರೂ ಆಡಳಿತ ನಡೆಸುತ್ತಿದ್ದವನು ತುಳುವ ನರಸನಾಯಕ, ಕೃಷ್ಣದೇವರಾಯನ ತಂದೆ. ಅಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ನೆರೆಯ ಹಂಪೆಯಿಂದ ಆಳುತ್ತಿದ್ದವರ ಕಡಲಂಚಿನಲ್ಲಿ ಪರದೇಶದ ದೊರೆಯ ಗುರುತು ನಿಂತಿತು. 2021ರಲ್ಲಿ ನಮ್ಮ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಾದಾಗ ಹೆಮ್ಮೆಪಟ್ಟ ನಾವು, ಆ ಹೆಸರಿನ ರಾಜ್ಯಕ್ಕೆ ಕಡಲೂ ಇತ್ತೆಂಬುದನ್ನು ನೆನೆಯುವುದು ಕಡಿಮೆ.

ಮುಂದಿನದು ನಿಮಗೆ ತಿಳಿದದ್ದೇ. ಕೆಲವೇ ವರ್ಷಗಳಲ್ಲಿ ಪೋರ್ಚುಗೀಸರ ರಹದಾರಿ ಚೀಟಿಯಿಲ್ಲದೆ ನಮ್ಮ ವರ್ತಕರ ಹಡಗುಗಳು ನಮ್ಮ ಕಡಲಿನಲ್ಲಿಯೇ ನಿರಾತಂಕವಾಗಿ ಓಡಾಡುವಂತಿರಲಿಲ್ಲ. 1510ರಲ್ಲಿ ಗೋವೆ ಅವರದಾಯಿತು. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳೂ ಅವರ ಕೈಯಿಂದ ಬರತೊಡಗಿದವು. ಆ ವ್ಯಾಪಾರದ ದಾರಿ ಹಿಡಿದೇ ಪಾಯೆಸ್, ನೂನಿಜ್ ಹಂಪೆಗೆ ಬಂದರು. ಅವರು ಬರೆದದ್ದು ನಮಗೆ ಉಪಕಾರವಾಯಿತೆಂಬುದೂ ನಿಜ.

ಸಹಪ್ರಯಾಣಿಕರ ಪೈಕಿ ಇನ್ನೊಬ್ಬನನ್ನು ಬಿಡಲಾರೆ. ಮಲ್ಪೆಯನ್ನು ದಾಟಿದ ಕೆಲವೇ ದಿನಗಳಲ್ಲಿ ಗಾಮ ಕಾರವಾರದ ಬಳಿಯ ಅಂಜದೀವದಲ್ಲಿ ತಂಗಿದ. ಅಲ್ಲಿಗೆ ವೆನಿಸ್ಸಿನ ಭಾಷೆಯನ್ನು ಚೆನ್ನಾಗಿ ಆಡುವ, ನಾಲ್ವತ್ತರ ಪ್ರಾಯದವನೊಬ್ಬ ಸ್ನೇಹಿತನಂತೆ ಬಂದ. ಯೂರೋಪಿನ ಯಹೂದಿ ಮನೆತನದವನು. ಊರೂರು ಅಲೆದು ನಮ್ಮ ಕರಾವಳಿಯ ಮುಸ್ಲಿಂ ಅರಸನ ಸೇವೆಗೆ ಸೇರಿದ್ದವನು. ಗೂಢಚಾರನೆಂಬ ಶಂಕೆಯಿಂದ ಅವನನ್ನು ಹೊಡೆದು ಹಿಂಸಿಸಿ, ಹಡಗಿನಲ್ಲಿಯೇ ಪೋರ್ಚುಗಲ್ಲಿಗೆ ಕರೆದೊಯ್ದರು. ಅಲ್ಲಿ ಮತಾಂತರಗೊಂಡು ಗಾಸ್ಪರ್ ಡ ಗಾಮನೆನಿಸಿಕೊಂಡ. ಮುಂದಿನ ಯಾನಗಳಲ್ಲಿ ಅವನೇ ಅವರಿಗೆ ದುಭಾಷಿ. ಈ ಮನುಷ್ಯ ಸಾಂತಾ ಮರಿಯಾ ದ್ವೀಪಕ್ಕೆ ಒಂದು ವಾರ ಮೊದಲು ಸಿಕ್ಕಿದ್ದರೆ, ಮೀನುಗಾರರು ನಿಜವಾಗಿ ಏನೆಂದರೆಂಬುದು ದಿನಚರಿಗೆ ಸೇರುತ್ತಿತ್ತೋ ಏನೋ.

ಗಾಮ ನೆಟ್ಟ ಕಂಬ ಇಂದು ದ್ವೀಪದಲ್ಲಿ ಕಾಣುವುದಿಲ್ಲ. ನೆಡದೆ ಎದ್ದು ನಿಂತ ಕಂಬಗಳು ಸಾವಿರಾರು ಇವೆ. ಶಿಷ್ಯನ ಚಿತ್ರಗಳಲ್ಲಿರುವುದು ಅವೇ.

ಹೋಗುವವರಿಗೆ ಎರಡು ಮಾತು. ಮಳೆಗಾಲದಲ್ಲಿ ದೋಣಿಗಳನ್ನು ನಿಲ್ಲಿಸುತ್ತಾರೆ. ಕಲ್ಲಿನ ಅಂಚು ಜಾರುತ್ತದೆ, ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಸಾಹಸ ಬೇಡ. ಕಡಲು ದೂರವಾಯಿತೆನ್ನುವವರು ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯನ್ನು ನೋಡಿಬನ್ನಿ. ಅಲ್ಲಿ ನೀರಿನೊಳಗೆ ಉಕ್ಕಿದ ಶಿಲಾರಸವು ದಿಂಬುಗಳನ್ನು ಪೇರಿಸಿಟ್ಟಂತೆ ಗಟ್ಟಿಯಾಗಿದೆ. ಅದರ ವಯಸ್ಸು ಇನ್ನೂರೈವತ್ತು ಕೋಟಿ ವರ್ಷಗಳ ಆಸುಪಾಸು. ದ್ವೀಪದ ಕಂಬಗಳು ಅದರ ಮುಂದೆ ತೊಟ್ಟಿಲ ಕೂಸುಗಳು.