ಪದ ಪರಿಚಯ: ನಿಸ್ತಂತು

ನಿಸ್ತಂತು: ತಂತಿ ಇಲ್ಲದ.

ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲದ ಮನೆಗಳಿಗೆ, ಎಚ್.ಡಿ. ಕೋಟೆಯ ಕಾಡಂಚಿನ ಹಾಡಿಗಳಿಗೆ ಇಂಟರ್ನೆಟ್ ಮುಟ್ಟಿಸುವ ಮಾತು ಬಂದಾಗ ಕೇಳುವ ಪದವಿದು. ಸಂಸ್ಕೃತದ 'ತನ್' ಧಾತುವಿಗೆ ಚಾಚು, ಹರಡು ಎಂದರ್ಥ. ಅದರಿಂದ ತಂತು, ಅಂದರೆ ನೂಲಿನ ಎಳೆ. ತಂತ್ರಿ, ಅದರ ತದ್ಭವ ನಮ್ಮ ತಂತಿ. ವೀಣೆಯದೂ ತಂತಿ, ಬೇಲಿಯದೂ ತಂತಿ. 2013ರ ಜುಲೈಯಲ್ಲಿ ನಿಂತುಹೋದ ಟೆಲಿಗ್ರಾಮೂ ತಂತಿಯೇ. ನಿಸ್ತಂತುವಿಗೆ ಹಿಂದಿಯಲ್ಲಿ 'ಬೇತಾರ್', ತಮಿಳಿನಲ್ಲಿ 'ಕಂಬಿಯಿಲ್ಲಾ'. ತಂತಿಯಿಲ್ಲದ ಟೆಲಿಗ್ರಾಮಿಗೆ ಮಲಯಾಳಿಗಳು ಕೊಟ್ಟ ಹೆಸರು 'ಕಂಬಿಯಿಲ್ಲಾಕ್ಕಂಬಿ'. ಎಷ್ಟು ಸೊಗಸು!

ಹಿಂದೆ ನಿಸ್ತಂತು ಎಂದರೆ ರೇಡಿಯೊ, ಪೊಲೀಸರ ವಾಕಿಟಾಕಿ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು, ಅದೂ ನಿಸ್ತಂತುವೇ. ಈಗ ವೈಫೈಗಷ್ಟೇ ಈ ಪದ ಬಳಸುವವರಿದ್ದಾರೆ. ಅದು ಸರಿಯಲ್ಲ. ವೈಫೈ ನಾಲ್ಕು ಗೋಡೆ ದಾಟುವಷ್ಟರಲ್ಲಿ ಸೊರಗುತ್ತದೆ. ದೂರವ್ಯಾಪ್ತಿಯ ನಿಸ್ತಂತು ಬ್ರಾಡ್‌ಬ್ಯಾಂಡ್ ಕೆ.ಆರ್. ನಗರದಂಥ ಬಯಲಿನಲ್ಲಿ ಟವರಿನಿಂದ ಹಲವು ಕಿಲೋಮೀಟರ್ ಆಚೆಯ ತಾರಸಿ ಆಂಟೆನಾಕ್ಕೂ ಸಿಗುತ್ತದೆ. ಗುಡ್ಡ, ದಟ್ಟ ಮರ ಅಡ್ಡ ಬಂದರೆ ಕುಗ್ಗುತ್ತದೆ. ಕೆಲವರು 'ನಿಸ್ತಂತಿ' ಎನ್ನುತ್ತಾರೆ. ದಯವಿಟ್ಟು 'ನಿಸ್ತಂತು' ಎಂದೇ ಬರೆಯಿರಿ.