ವರದಿಯಿಂದ ಓದುಗನವರೆಗೆ: ಸರ್ಕಾರಿ ಅಧ್ಯಯನಗಳ ಪ್ರಕಟಣೆಯ ಎರಡು ಶತಮಾನ

ಸರ್ಕಾರದ ಖರ್ಚಿನಲ್ಲಿ ನಡೆಯುವ ಅಧ್ಯಯನಗಳಲ್ಲಿ ಸ್ಥೂಲವಾಗಿ ಎರಡು ಬಗೆಗಳಿವೆ. ಒಂದು, ನಿರ್ದಿಷ್ಟ ಸಮಸ್ಯೆಯ ಬಗ್ಗೆ ಸಲಹೆ ಪಡೆಯಲು ಆಯೋಗವನ್ನೋ ಸಮಿತಿಯನ್ನೋ ನೇಮಿಸಿ ಬರೆಸಿಕೊಳ್ಳುವ ನೀತಿ ವರದಿ. ಇನ್ನೊಂದು, ಸರ್ವೇಕ್ಷಣ ಇಲಾಖೆಗಳು, ಪ್ರಯೋಗಾಲಯಗಳು ಮತ್ತು ವಿಶ್ವವಿದ್ಯಾಲಯಗಳು ಸಾರ್ವಜನಿಕ ಅನುದಾನದಿಂದ ನಡೆಸುವ ವೈಜ್ಞಾನಿಕ ಸಂಶೋಧನೆಯ ಫಲ. ಇವೆರಡರಲ್ಲೂ ವರದಿ ಸಿದ್ಧವಾಗುವುದು ಒಂದು ಘಟ್ಟ, ಅದು ಪ್ರಕಟವಾಗುವುದು ಮತ್ತೊಂದು ಘಟ್ಟ, ಯಾರ ಬದುಕನ್ನು ಕುರಿತು ಬರೆಯಲಾಗಿದೆಯೋ ಅವರು ಅದನ್ನು ಓದುವಂತಾಗುವುದು ಮೂರನೆಯ ಘಟ್ಟ. ಭಾರತದಲ್ಲಿ, ಅದರಲ್ಲೂ ಮೈಸೂರು ಮತ್ತು ಕರ್ನಾಟಕದಲ್ಲಿ, ಈ ಘಟ್ಟಗಳ ನಡುವಿನ ಅಂತರ ಹೇಗೆ ಬದಲಾಗುತ್ತ ಬಂದಿತು ಎಂಬುದನ್ನು ಗಮನಿಸಿದರೆ, ಹಿಂದೆ ವರದಿಯನ್ನು ಪ್ರಕಟಿಸಬೇಕೇ ಬೇಡವೇ ಎಂದಿದ್ದ ವಿವಾದ ಇಂದು ಯಾವಾಗ ಪ್ರಕಟಿಸಬೇಕು ಎಂಬಲ್ಲಿಗೆ ಬಂದು ನಿಂತಿರುವುದು ಕಾಣುತ್ತದೆ.

ಆಳುವವರ ಓದಿಗಾಗಿ

1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿ, ಕಂಪನಿಯ ವೈದ್ಯನಾಗಿದ್ದ ಫ್ರಾನ್ಸಿಸ್ ಬುಕಾನನ್‌ನನ್ನು ಮೈಸೂರು, ಕೆನರಾ ಮತ್ತು ಮಲಬಾರ್ ಸೀಮೆಗಳ ಬೇಸಾಯ, ಕಸುಬು ಹಾಗೂ ವ್ಯಾಪಾರಗಳ ಸಮೀಕ್ಷೆಗೆ ನೇಮಿಸಿದನು. ಊರೂರಿನ ರೈತರು, ನೇಕಾರರು ಮತ್ತು ಶಾನುಭೋಗರನ್ನು ವಿಚಾರಿಸಿ ಸಿದ್ಧಪಡಿಸಿದ ಆ ವರದಿಯು ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರ ಆಶ್ರಯದಲ್ಲಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದು ರಹಸ್ಯ ಕಡತವಾಗಿರಲಿಲ್ಲ, ಹಣ ಕೊಟ್ಟ ಯಾರಾದರೂ ಕೊಳ್ಳಬಹುದಾಗಿತ್ತು; ಆದರೆ ಮಾಹಿತಿ ಕೊಟ್ಟ ರೈತನಿಗೆ ಆ ಪುಸ್ತಕದ ಭಾಷೆಯೂ ಬೆಲೆಯೂ ಎಟುಕುವಂತಿರಲಿಲ್ಲ. ವಸಾಹತು ಕಾಲದ ಬಹುತೇಕ ವರದಿಗಳ ಸ್ವರೂಪ ಇದೇ ಆಗಿತ್ತು.

ಬ್ರಿಟಿಷ್ ಸಂಸತ್ತಿನಲ್ಲಿ ಮಂಡಿಸಿದ ದಾಖಲೆಗಳು 1830ರ ದಶಕದಿಂದ ಸಾರ್ವಜನಿಕರಿಗೆ ಮಾರಾಟಕ್ಕೆ ಸಿಗತೊಡಗಿದವು. ಹೊದಿಕೆಯ ಬಣ್ಣದಿಂದಾಗಿ ನೀಲಿ ಪುಸ್ತಕಗಳೆಂದು ಹೆಸರಾದ ಇವುಗಳ ಮೂಲಕ ಭಾರತದ ಬರ, ಕಂದಾಯ ಮತ್ತು ಆಡಳಿತದ ಎಷ್ಟೋ ಸಂಗತಿಗಳು ಭಾರತಕ್ಕಿಂತ ಮೊದಲು ಲಂಡನ್ನಿನಲ್ಲಿ ಚರ್ಚೆಗೆ ಬಂದವು. ಮೈಸೂರು ಸಂಸ್ಥಾನವನ್ನೂ ತೀವ್ರವಾಗಿ ತಟ್ಟಿದ 1876–78ರ ಕ್ಷಾಮದ ಬಳಿಕ ರಚನೆಯಾದ ಕ್ಷಾಮ ಆಯೋಗದ 1880ರ ವರದಿಯು ಬರಪರಿಹಾರದ ನಿಯಮಾವಳಿಗಳಿಗೆ ತಳಹದಿಯಾಯಿತು. ಆದರೆ ಇದೇ ಆಡಳಿತ 1889ರಲ್ಲಿ ಅಧಿಕೃತ ರಹಸ್ಯಗಳ ಕಾಯಿದೆಯನ್ನು ಜಾರಿಗೆ ತಂದು, 1923ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಹೀಗಾಗಿ ಯಾವುದನ್ನು ಅಚ್ಚು ಹಾಕಿಸಬೇಕು, ಯಾವುದನ್ನು ಬೀಗದೊಳಗಿಡಬೇಕು ಎಂಬ ತೀರ್ಮಾನ ಸಂಪೂರ್ಣವಾಗಿ ಅಧಿಕಾರಿಗಳ ಕೈಯಲ್ಲಿಯೇ ಉಳಿಯಿತು.

ಮೈಸೂರಿನ ಪ್ರಕಟಣಾ ಪರಂಪರೆ

ಈ ಮಿತಿಯೊಳಗೇ ಮೈಸೂರು ಸಂಸ್ಥಾನದಲ್ಲಿ ಬೇರೊಂದು ಪರಂಪರೆ ಬೆಳೆಯಿತು. ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಮತ್ತು ಕೊಡಗಿನ ಗ್ಯಾಸೆಟಿಯರ್, ಅಂದರೆ ಒಂದು ಪ್ರದೇಶದ ಭೂಗೋಳ, ಇತಿಹಾಸ, ಜನಜೀವನ ಮತ್ತು ಆಡಳಿತಗಳ ಅಧಿಕೃತ ವಿವರಣಕೋಶ, 1870ರ ದಶಕದಲ್ಲಿ ಹೊರಬಂದಿತು. 1897ರಲ್ಲಿ ಅದರ ಪರಿಷ್ಕೃತ ಆವೃತ್ತಿ ಬಂದರೆ, 1920ರ ದಶಕದ ಕೊನೆಯಲ್ಲಿ ಸಿ. ಹಯವದನರಾಯರ ಸಂಪಾದಕತ್ವದಲ್ಲಿ ಅದು ಐದು ಸಂಪುಟಗಳಿಗೆ ವಿಸ್ತರಿಸಿತು.

ರೈಸ್ ಅವರದೇ ಇನ್ನೂ ದೊಡ್ಡ ಕೆಲಸವಾದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟ 1886ರಲ್ಲಿ ಪ್ರಕಟವಾಯಿತು; ಮುಂದಿನ ಎರಡು ದಶಕಗಳೊಳಗೆ ಬಂದ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳು ಅಚ್ಚಾದವು. ಈ ಸಂಪುಟಗಳ ವಿನ್ಯಾಸವೇ ಗಮನಾರ್ಹವಾದುದು. ಪ್ರತಿ ಶಾಸನಕ್ಕೂ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಅದರ ಪಾಠವನ್ನು ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಮುದ್ರಿಸಿ, ಇಂಗ್ಲಿಷ್ ಅನುವಾದವನ್ನೂ ಒದಗಿಸಲಾಯಿತು. ಇದರಿಂದ ಸಂಪಾದಕರ ಓದನ್ನು ಒಪ್ಪದವರು ಮೂಲಪಾಠವನ್ನೇ ಎದುರಿಗಿಟ್ಟುಕೊಂಡು ಪ್ರಶ್ನಿಸುವುದು ಸಾಧ್ಯವಾಯಿತು. ಹಳಗನ್ನಡ ಬಲ್ಲ ವಿದ್ವಾಂಸರು ಇಂಗ್ಲಿಷಿನ ಹಂಗಿಲ್ಲದೆ ಶಾಸನಗಳನ್ನು ಬಳಸಿಕೊಂಡರು. ಕೇವಲ ತೀರ್ಮಾನವನ್ನಲ್ಲ, ತೀರ್ಮಾನಕ್ಕೆ ಆಧಾರವಾದ ಸಾಮಗ್ರಿಯನ್ನೂ ಪ್ರಕಟಿಸಬೇಕೆಂಬ ಇಂದಿನ ತತ್ತ್ವವನ್ನು ಈ ಸಂಪುಟಗಳು ನೂರು ವರ್ಷಕ್ಕೂ ಮೊದಲೇ ಆಚರಣೆಗೆ ತಂದಿದ್ದವು. ಆರ್. ನರಸಿಂಹಾಚಾರ್ ಮತ್ತು ಎಂ.ಎಚ್. ಕೃಷ್ಣ ಅವರ ಕಾಲದ ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು ಅದೇ ಹಾದಿಯಲ್ಲಿ ನಡೆದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಶಾಸನ ಸಂಪುಟಗಳ ಪರಿಷ್ಕೃತ ಆವೃತ್ತಿಯನ್ನು ಹೊರತಂದಿತು.

ವಿಜ್ಞಾನದ ಕಡೆಯಲ್ಲಿ, 1851ರಲ್ಲಿ ಸ್ಥಾಪನೆಯಾದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ತನ್ನ ವರದಿಗಳನ್ನು ನಿಯತವಾಗಿ ಅಚ್ಚು ಹಾಕಿಸುತ್ತಿತ್ತು. ಮೈಸೂರು ಸಂಸ್ಥಾನ 1894ರಲ್ಲಿ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆದು, ಖನಿಜಗಳ ಶೋಧನೆಯ ವಿವರಗಳನ್ನು ಅದರ ದಾಖಲೆ ಸಂಪುಟಗಳಲ್ಲಿ ಪ್ರಕಟಿಸುತ್ತ ಬಂದಿತು. ನೀತಿ ವರದಿಗಳ ಪೈಕಿ, ಬ್ರಾಹ್ಮಣೇತರರಿಗೆ ಸರ್ಕಾರಿ ನೌಕರಿಯಲ್ಲಿ ಸಿಗುತ್ತಿದ್ದ ಪಾಲನ್ನು ಪರಿಶೀಲಿಸಲು 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿಯ ವರದಿ ಮುಖ್ಯವಾದುದು. 1919ರಲ್ಲಿ ಸಲ್ಲಿಕೆಯಾದ ಅದು ಮೀಸಲಾತಿಯ ವಾದವಿವಾದಗಳಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತಿದೆ.

ಸದನದ ಮುಂದೆ

ಸ್ವಾತಂತ್ರ್ಯಾನಂತರ ವರದಿಯ ಮೊದಲ ಓದುಗರೆಂದರೆ ಶಾಸನಸಭೆಯ ಸದಸ್ಯರು ಎಂಬ ಭಾವನೆ ಬಲಗೊಂಡಿತು. 1955ರ ಸೆಪ್ಟೆಂಬರ್‌ನಲ್ಲಿ ಸಲ್ಲಿಕೆಯಾದ ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ ಪ್ರಕಟವಾಗಿ ಸಂಸತ್ತಿನಲ್ಲೂ ಪ್ರಾಂತ್ಯಗಳಲ್ಲೂ ಬಿಸಿಬಿಸಿ ಚರ್ಚೆಗೆ ಒಳಗಾದ ಮೇಲೆಯೇ 1956ರ ನವೆಂಬರ್ 1ರಂದು ವಿಶಾಲ ಮೈಸೂರು ರಾಜ್ಯ ಉದಯವಾಯಿತು. ತೀರ್ಮಾನಕ್ಕೆ ಮೊದಲು ಪ್ರಕಟಣೆ ಎಂಬ ಕ್ರಮ ಅಲ್ಲಿ ಸಹಜವಾಗಿಯೇ ನಡೆದಿತ್ತು.

ಆದರೆ ಈ ಕ್ರಮವನ್ನು ಕಾನೂನು ಬಹುಕಾಲ ಕಡ್ಡಾಯಗೊಳಿಸಿರಲಿಲ್ಲ. 1952ರ ವಿಚಾರಣಾ ಆಯೋಗಗಳ ಅಧಿನಿಯಮಕ್ಕೆ 1971ರಲ್ಲಿ ಮಾಡಿದ ತಿದ್ದುಪಡಿಯು, ಆಯೋಗದ ವರದಿಯನ್ನು ಅದರ ಮೇಲೆ ಕೈಗೊಂಡ ಕ್ರಮದ ವಿವರಣೆಯೊಂದಿಗೆ ಆರು ತಿಂಗಳೊಳಗೆ ಸದನದಲ್ಲಿ ಮಂಡಿಸಬೇಕೆಂದು ವಿಧಿಸಿತು. ಇಂದಿರಾ ಗಾಂಧಿಯವರ ಹತ್ಯೆಯನ್ನು ಕುರಿತ ಠಕ್ಕರ್ ಆಯೋಗದ ವರದಿ ಬಂದಾಗ, 1986ರಲ್ಲಿ ಮತ್ತೊಂದು ತಿದ್ದುಪಡಿ ತಂದು, ದೇಶದ ಭದ್ರತೆಯ ಕಾರಣಕ್ಕೆ ವರದಿಯನ್ನು ಮಂಡಿಸದೆ ಇರಲು ಸರ್ಕಾರ ಅವಕಾಶ ಮಾಡಿಕೊಂಡಿತು. 1989ರಲ್ಲಿ ಅದರ ಭಾಗಗಳು ಪತ್ರಿಕೆಯಲ್ಲಿ ಹೊರಬಿದ್ದ ಬಳಿಕ ವರದಿಯನ್ನು ಸಂಸತ್ತಿನ ಮುಂದಿಡಲೇಬೇಕಾಯಿತು. ಮರುವರ್ಷ ಆ ತಿದ್ದುಪಡಿಯೇ ರದ್ದಾಯಿತು. ಇಷ್ಟಾದರೂ ಮಂಡನೆಯ ಈ ನಿಯಮ ಆ ಅಧಿನಿಯಮದಡಿ ನೇಮಕವಾದ ಆಯೋಗಗಳಿಗಷ್ಟೇ ಅನ್ವಯಿಸುತ್ತದೆ. ಆಡಳಿತಾತ್ಮಕ ಆದೇಶದ ಮೂಲಕ ರಚಿಸುವ ತಜ್ಞ ಸಮಿತಿಗಳಿಗೆ ಅಂಥ ಗಡುವೇ ಇರಲಿಲ್ಲವಾದ್ದರಿಂದ, ಸರ್ಕಾರಕ್ಕೆ ಇಷ್ಟವಾದ ವರದಿಗಳು ಬಿಡುಗಡೆಯಾಗುವುದೂ ಉಳಿದವು ಕಪಾಟಿನಲ್ಲಿ ದೂಳು ತಿನ್ನುವುದೂ ವಾಡಿಕೆಯಾಯಿತು.

ಕರ್ನಾಟಕದಲ್ಲಿ ಪ್ರಕಟವಾದ ವರದಿಯೊಂದು ಎಂಥ ಪರಿಣಾಮ ಬೀರಬಲ್ಲದು ಎಂಬುದಕ್ಕೆ ಎರಡು ನಿದರ್ಶನಗಳಿವೆ. ಎಲ್.ಜಿ. ಹಾವನೂರ್ ಅಧ್ಯಕ್ಷತೆಯ ಹಿಂದುಳಿದ ವರ್ಗಗಳ ಆಯೋಗ 1975ರಲ್ಲಿ ಸಲ್ಲಿಸಿದ ವರದಿ ರಾಜ್ಯದ ಮೀಸಲಾತಿ ನೀತಿಗೆ ಹೊಸ ತಿರುವು ಕೊಟ್ಟಿತು. ಪ್ರಾದೇಶಿಕ ಅಸಮಾನತೆಯ ನಿವಾರಣೆಗಾಗಿ ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ ಅವರ ನೇತೃತ್ವದಲ್ಲಿ ರಚನೆಯಾದ ಉನ್ನತಾಧಿಕಾರ ಸಮಿತಿ 2002ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಆ ಸಮಿತಿ 35 ಸೂಚಕಗಳನ್ನು ಒಟ್ಟುಗೂಡಿಸಿ ಪ್ರತಿ ತಾಲ್ಲೂಕಿಗೂ ಒಂದು ಸಮಗ್ರ ಅಭಿವೃದ್ಧಿ ಸೂಚ್ಯಂಕವನ್ನು ಲೆಕ್ಕ ಹಾಕಿತು. ರಾಜ್ಯದ ಸರಾಸರಿಯನ್ನು 1 ಎಂದಿಟ್ಟುಕೊಂಡು, ಅದಕ್ಕಿಂತ ಕೆಳಗಿರುವ ತಾಲ್ಲೂಕುಗಳನ್ನು ಹಿಂದುಳಿದವು ಎಂದು ಗುರುತಿಸಲಾಯಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಈ ಪಟ್ಟಿಗೆ ಸೇರಿ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು ಎನಿಸಿದವು, 0.53 ಸೂಚ್ಯಂಕದ ದೇವದುರ್ಗ ಎಲ್ಲಕ್ಕಿಂತ ಕೆಳಗಿತ್ತು. ಅಂಕಿಗಳು ತಾಲ್ಲೂಕಿನ ಮಟ್ಟದಲ್ಲಿಯೇ ಬಹಿರಂಗವಾದುದರಿಂದ ಶಾಸಕರೂ ಹೋರಾಟಗಾರರೂ ಪತ್ರಕರ್ತರೂ ತಮ್ಮ ತಾಲ್ಲೂಕಿನ ಸ್ಥಾನವನ್ನು ಆಧಾರವಾಗಿಟ್ಟುಕೊಂಡು ವಾದಿಸಬಲ್ಲವರಾದರು. ಪ್ರಾದೇಶಿಕ ಅನ್ಯಾಯದ ಮಾತು ಅಲ್ಲಿಂದ ಮುಂದೆ ಬರಿಯ ಭಾವನೆಯ ಮಾತಾಗಿ ಉಳಿಯಲಿಲ್ಲ.

ಹಕ್ಕಾಗಿ ಮಾಹಿತಿ

ಇದೇ ಅವಧಿಯಲ್ಲಿ ಮಾಹಿತಿ ಪಡೆಯುವುದು ನಾಗರಿಕನ ಹಕ್ಕು ಎಂಬ ವಿಚಾರ ನ್ಯಾಯಾಲಯಗಳಲ್ಲಿಯೂ ಬೀದಿಯಲ್ಲಿಯೂ ರೂಪುಗೊಳ್ಳುತ್ತಿತ್ತು. 1975ರ ರಾಜ್ ನಾರಾಯಣ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕ ಅಧಿಕಾರಿಗಳು ಸಾರ್ವಜನಿಕವಾಗಿ ನಡೆಸುವ ಪ್ರತಿಯೊಂದು ಕಾರ್ಯವನ್ನೂ ತಿಳಿಯುವ ಹಕ್ಕು ಜನರಿಗಿದೆ ಎಂಬ ನಿಲುವನ್ನು ತಾಳಿತು. 1990ರ ದಶಕದಲ್ಲಿ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ, ಕೂಲಿಪಟ್ಟಿಗಳನ್ನು ಊರಿನವರ ಮುಂದೆ ಓದಿಸುವ ಜನಸುನವಾಯಿಗಳ ಮೂಲಕ ಈ ತತ್ತ್ವಕ್ಕೆ ಜನಬಲವನ್ನು ತಂದಿತು. ಕರ್ನಾಟಕ 2000ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕು ಅಧಿನಿಯಮವನ್ನು ರೂಪಿಸಿತ್ತು. ಕೇಂದ್ರದ ಅಧಿನಿಯಮ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂದಿತು.

ಈ ಅಧಿನಿಯಮವೆಂದೊಡನೆ ಹತ್ತು ರೂಪಾಯಿ ಶುಲ್ಕದ ಅರ್ಜಿ ನೆನಪಾಗುವುದಾದರೂ, ವರದಿಗಳ ದೃಷ್ಟಿಯಿಂದ ಅದರ 4ನೆಯ ಪ್ರಕರಣವೇ ಹೆಚ್ಚು ಮುಖ್ಯ. ಯಾರೂ ಅರ್ಜಿ ಹಾಕದಿದ್ದರೂ ಇಲಾಖೆಗಳು ತಾವಾಗಿಯೇ ಮಾಹಿತಿಯನ್ನು ಪ್ರಕಟಿಸಬೇಕೆಂದೂ, ಜನರನ್ನು ತಟ್ಟುವ ಮುಖ್ಯ ನೀತಿಗಳನ್ನು ರೂಪಿಸುವಾಗಲೇ ಅವುಗಳಿಗೆ ಸಂಬಂಧಿಸಿದ ಸಂಗತಿಗಳನ್ನು ಬಹಿರಂಗಪಡಿಸಬೇಕೆಂದೂ, ಹಾಗೆ ಹಂಚುವಾಗ ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕೆಂದೂ ಅದು ಹೇಳುತ್ತದೆ. ಇನ್ನೊಂದೆಡೆ, ಸಚಿವ ಸಂಪುಟದ ಮುಂದಿರುವ ಕಡತಗಳಿಗೆ ತೀರ್ಮಾನವಾಗುವವರೆಗೆ 8ನೆಯ ಪ್ರಕರಣ ವಿನಾಯಿತಿ ಕೊಡುತ್ತದೆ. ಇವೆರಡರ ನಡುವಿನ ತಿಕ್ಕಾಟವೇ ಮುಂದಿನ ಹಲವು ವಿವಾದಗಳ ಮೂಲ.

ಪಶ್ಚಿಮ ಘಟ್ಟಗಳ ಪರಿಸರ ತಜ್ಞರ ಸಮಿತಿಯ ಪ್ರಕರಣ ಇದಕ್ಕೆ ಸ್ಪಷ್ಟ ಉದಾಹರಣೆ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ಈ ಸಮಿತಿಯನ್ನು ಕೇಂದ್ರ ಪರಿಸರ ಸಚಿವಾಲಯ 2010ರ ಮಾರ್ಚ್‌ನಲ್ಲಿ ರಚಿಸಿತು. 2011ರ ಆಗಸ್ಟ್ ಕೊನೆಯಲ್ಲಿ ವರದಿ ಸಲ್ಲಿಕೆಯಾಯಿತು. ತಿಂಗಳುಗಳು ಕಳೆದರೂ ಅದು ಹೊರಬರಲಿಲ್ಲ. ಮಾಹಿತಿ ಹಕ್ಕಿನಡಿ ಪ್ರತಿ ಕೇಳಿದಾಗ, ವರದಿ ಇನ್ನೂ ಪರಿಶೀಲನೆಯಲ್ಲಿದೆಯೆಂದೂ ಬಹಿರಂಗಪಡಿಸಿದರೆ ರಾಷ್ಟ್ರದ ವೈಜ್ಞಾನಿಕ ಮತ್ತು ಆರ್ಥಿಕ ಹಿತಕ್ಕೆ ಧಕ್ಕೆಯಾಗುವುದೆಂದೂ ಸಚಿವಾಲಯ ವಾದಿಸಿತು. 2012ರ ಏಪ್ರಿಲ್‌ನಲ್ಲಿ ಕೇಂದ್ರ ಮಾಹಿತಿ ಆಯೋಗ ಈ ವಾದವನ್ನು ತಳ್ಳಿಹಾಕಿ ಪ್ರಕಟಣೆಗೆ ಆದೇಶಿಸಿತು. ದೆಹಲಿ ಹೈಕೋರ್ಟ್ ಮೇ ತಿಂಗಳಲ್ಲಿ ಸಚಿವಾಲಯದ ಅರ್ಜಿಯನ್ನು ವಜಾ ಮಾಡಿತು. ಆ ತಿಂಗಳ ಕೊನೆಯೊಳಗೆ ವರದಿ ಜಾಲತಾಣದಲ್ಲಿ ಕಾಣಿಸಿಕೊಂಡಿತು. ತನ್ನ ಶಿಫಾರಸುಗಳನ್ನು ಗ್ರಾಮಸಭೆಗಳಲ್ಲಿ ಚರ್ಚಿಸಿ ಅಂತಿಮಗೊಳಿಸಬೇಕೆಂದು ಬಯಸಿದ್ದ ವರದಿಯೇ ನ್ಯಾಯಾಲಯದ ಮೆಟ್ಟಿಲೇರಿ ಹೊರಬರಬೇಕಾದುದು ವಿಪರ್ಯಾಸ. ಅಷ್ಟು ಹೊತ್ತಿಗೆ ಘಟ್ಟದ ಊರುಗಳಲ್ಲಿ ಊಹಾಪೋಹಗಳಿಗೆ ಸಾಕಷ್ಟು ಎಡೆ ಸಿಕ್ಕಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಕೆ. ಕಸ್ತೂರಿರಂಗನ್ ನೇತೃತ್ವದ ಮತ್ತೊಂದು ಸಮಿತಿ ನೇಮಕವಾಗಿ 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಿತು. ಕೊಡಗು, ಮಲೆನಾಡು ಮತ್ತು ಉತ್ತರ ಕನ್ನಡಗಳಲ್ಲಿ ಇವೆರಡರ ಸುತ್ತ ಎದ್ದ ವಿವಾದದಲ್ಲಿ ವರದಿಗಳನ್ನು ಓದಿ ವಿರೋಧಿಸಿದವರಿಗಿಂತ ಕೇಳಿ ವಿರೋಧಿಸಿದವರೇ ಹೆಚ್ಚೆಂಬ ಮಾತು ಬಂದಿತು. ಇಂಗ್ಲಿಷಿನ ತಾಂತ್ರಿಕ ವರದಿ ಜಾಲತಾಣದಲ್ಲಿದ್ದ ಮಾತ್ರಕ್ಕೆ ಗ್ರಾಮಸಭೆಯ ಓದಿಗೆ ದಕ್ಕುವುದಿಲ್ಲವೆಂಬುದೂ ಇಲ್ಲಿ ಸಾಬೀತಾಯಿತು.

ವಿಜ್ಞಾನದ ಮುಕ್ತ ಲಭ್ಯತೆ

ವೈಜ್ಞಾನಿಕ ಸಂಶೋಧನೆಯಲ್ಲಿ ಅಡ್ಡಿಯಾದುದು ರಹಸ್ಯವಲ್ಲ, ಬೆಲೆ. ಸರ್ಕಾರಿ ಅನುದಾನದಿಂದ ನಡೆದ ಸಂಶೋಧನೆಯ ಲೇಖನಗಳು ಖಾಸಗಿ ಪ್ರಕಾಶಕರ ನಿಯತಕಾಲಿಕಗಳಲ್ಲಿ ಅಚ್ಚಾಗಿ, ಅವುಗಳಿಗೆ ಗ್ರಂಥಾಲಯಗಳು ಮತ್ತೆ ಸಾರ್ವಜನಿಕ ಹಣದಿಂದಲೇ ಚಂದಾ ಕಟ್ಟಬೇಕಾದ ಸ್ಥಿತಿ ಇದ್ದಿತು. ಇದಕ್ಕೆ ಪರಿಹಾರವಾಗಿ ರೂಪುಗೊಂಡ ಮುಕ್ತ ಲಭ್ಯತೆಯ ಚಳವಳಿ, ಲೇಖನವನ್ನು ಯಾರು ಬೇಕಾದರೂ ಉಚಿತವಾಗಿ ಓದುವಂತಿರಬೇಕೆಂದು ವಾದಿಸಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2008ರಿಂದ ತಮ್ಮ ಅನುದಾನದ ಲೇಖನಗಳನ್ನು ಸಾರ್ವಜನಿಕ ಭಂಡಾರಕ್ಕೆ ಒಪ್ಪಿಸುವುದನ್ನು ಕಡ್ಡಾಯಗೊಳಿಸಿದವು.

ಭಾರತದಲ್ಲಿ ಈ ವಿಷಯದಲ್ಲಿ ಬೆಂಗಳೂರು ಮುಂಚೂಣಿಯಲ್ಲಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯು ತನ್ನ ವಿಜ್ಞಾನಿಗಳ ಲೇಖನಗಳನ್ನು ಕೂಡಿಡುವ ವಿದ್ಯುನ್ಮಾನ ಭಂಡಾರವನ್ನು 2002ರಲ್ಲಿಯೇ ಆರಂಭಿಸಿತು, ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ನಿಯತಕಾಲಿಕಗಳನ್ನು ಉಚಿತ ಓದಿಗೆ ತೆರೆದಿಟ್ಟಿತು. 2014ರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ವಿಜ್ಞಾನ ಹಾಗೂ ತಂತ್ರಜ್ಞಾನ ಇಲಾಖೆಗಳು ಜಂಟಿಯಾಗಿ ಮುಕ್ತ ಲಭ್ಯತೆಯ ನೀತಿಯನ್ನು ಪ್ರಕಟಿಸಿದವು. ಪಿಎಚ್‌ಡಿ ಪ್ರಬಂಧಗಳಿಗಾಗಿ ರೂಪುಗೊಂಡ ‘ಶೋಧಗಂಗಾ’ ಭಂಡಾರದಿಂದ, ಒಂದು ಕಾಲಕ್ಕೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಷ್ಟೇ ಸಿಗುತ್ತಿದ್ದ ಕನ್ನಡ ಪ್ರಬಂಧಗಳೂ ಊರಲ್ಲಿರುವ ಓದುಗನಿಗೆ ದೊರೆಯುವಂತಾದವು. 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ ವೆಚ್ಚದಲ್ಲಿ ಸುಮಾರು 13,000 ನಿಯತಕಾಲಿಕಗಳನ್ನು ಸರ್ಕಾರಿ ಸಂಸ್ಥೆಗಳಿಗೆ ಒದಗಿಸುತ್ತದೆ. ಸಣ್ಣ ಊರುಗಳ ಸರ್ಕಾರಿ ಕಾಲೇಜುಗಳಿಗೆ ಇದು ದೊಡ್ಡ ಅನುಕೂಲವೇ ಸರಿ. ಆದರೆ ಇದು ಸಂಸ್ಥೆಯೊಳಗಿನವರ ಓದಿಗೆ ಹಣ ಕಟ್ಟುವ ವ್ಯವಸ್ಥೆಯೇ ಹೊರತು, ಹೊರಗಿರುವ ರೈತನಿಗೋ ಪತ್ರಕರ್ತನಿಗೋ ಬಾಗಿಲು ತೆರೆಯುವ ವ್ಯವಸ್ಥೆಯಲ್ಲ.

ವಿಳಂಬವೆಂಬ ಹೊಸ ಗೋಪ್ಯತೆ

ಇಂದು ವರದಿಯೊಂದನ್ನು ಶಾಶ್ವತವಾಗಿ ಮುಚ್ಚಿಡುವುದು ಕಷ್ಟ. ತಡ ಮಾಡುವುದು ಸುಲಭ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 2017–18ರ ಗೃಹಬಳಕೆ ವೆಚ್ಚದ ವರದಿಯನ್ನು ದತ್ತಾಂಶದ ಗುಣಮಟ್ಟದ ಕಾರಣ ಹೇಳಿ ಕೈಬಿಡಲಾಯಿತು. ಆ ಸರಣಿಯ ಮುಂದಿನ ಅಂಕಿಗಳು ದೊರೆಯಲು 2024ರವರೆಗೆ ಕಾಯಬೇಕಾಯಿತು. ಕರ್ನಾಟಕದಲ್ಲಿ 2015ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ವರದಿ ಸರ್ಕಾರಕ್ಕೆ ಸಲ್ಲಿಕೆಯಾದದ್ದು 2024ರ ಫೆಬ್ರವರಿ ಕೊನೆಯಲ್ಲಿ; ಅದರ ಅಂಕಿಗಳು ಹಳತಾದುವೆಂಬ ಆಕ್ಷೇಪದ ನಡುವೆ 2025ರಲ್ಲಿ ಹೊಸ ಸಮೀಕ್ಷೆಯೇ ನಡೆಯಿತು. ಕಾರಣಗಳು ಬೇರೆ ಬೇರೆಯಾದರೂ ಪರಿಣಾಮ ಒಂದೇ: ತೀರ್ಮಾನ ಆಗಬೇಕಾದ ಹೊತ್ತಿನಲ್ಲಿ ಅಂಕಿಗಳು ಜನರ ಕೈಯಲ್ಲಿರಲಿಲ್ಲ.

ಆದುದರಿಂದ ಈ ಕ್ಷೇತ್ರದ ಮುಂದಿನ ಸುಧಾರಣೆ ಹೊಸ ಜಾಲತಾಣಗಳಿಗಿಂತ ಹೆಚ್ಚಾಗಿ ಮೂರು ಷರತ್ತುಗಳನ್ನು ಅವಲಂಬಿಸಿದೆ. ವಿಚಾರಣಾ ಆಯೋಗಗಳಿಗೆ ಇರುವಂತೆ ತಜ್ಞ ಸಮಿತಿಗಳ ವರದಿಗಳಿಗೂ ಕಾನೂನುಬದ್ಧ ಗಡುವು ಇರಬೇಕು. ಶಿಫಾರಸುಗಳ ಜೊತೆಗೆ ಅವುಗಳಿಗೆ ಆಧಾರವಾದ ಅಂಕಿ ಅಂಶಗಳೂ ಮರುಪರಿಶೀಲನೆಗೆ ಸಿಗಬೇಕು. ಸಂಬಂಧಪಟ್ಟ ಜನರ ಭಾಷೆಯಲ್ಲಿ ವರದಿಯ ಪೂರ್ಣಪಾಠವಲ್ಲದಿದ್ದರೂ ಅಧಿಕೃತ ಸಾರಾಂಶವಾದರೂ ಅದೇ ದಿನ ಹೊರಬರಬೇಕು. ಇವುಗಳಲ್ಲಿ ಎರಡನೆಯದನ್ನು ಶಾಸನ ಸಂಪುಟಗಳೂ ನಂಜುಂಡಪ್ಪ ವರದಿಯೂ ಮಾಡಿ ತೋರಿಸಿವೆ; ಮೂರನೆಯದಕ್ಕೆ ಮಾಹಿತಿ ಹಕ್ಕು ಅಧಿನಿಯಮದಲ್ಲಿಯೇ ಆಧಾರವಿದೆ. ಕೊರತೆಯಿರುವುದು ಮೊದಲನೆಯದರಲ್ಲಿ, ಅದನ್ನು ತುಂಬಲು ಶಾಸನಸಭೆಯ ಒಂದು ತಿದ್ದುಪಡಿ ಸಾಕು.